ಇಂಜಿನ್ ದೀಪ ಹೊತ್ತಿದ ಓಮ್ನಿ, ಜಿಪ್ಸಿ: ಹಳೆಯ ಎಂಪಿಎಫ್‌ಐ ಗಾಡಿಯ ದೋಷ ಹುಡುಕುವ ಕ್ರಮ

ಕೀಯನ್ನು ಆನ್‌ಗೆ ತಿರುಗಿಸಿ, ಸ್ಟಾರ್ಟ್ ಮಾಡಬೇಡಿ. ಮೀಟರಿನಲ್ಲಿ ಇಂಜಿನ್ ದೀಪ ಹೊತ್ತಿತೇ? ಟ್ಯಾಂಕಿನ ಕಡೆಯಿಂದ ಎರಡು ಮೂರು ಸೆಕೆಂಡು ಪಂಪಿನ ಗುಂಯ್ ಎಂಬ ಸದ್ದು ಬಂದು ನಿಂತಿತೇ? ಇವೆರಡಕ್ಕೆ ಉತ್ತರ ಸಿಗುವ ತನಕ ಸ್ಪಾನರಿಗೆ ಕೈ ಹಾಕಬೇಡಿ. ದೀಪವೂ ಇಲ್ಲ, ಪಂಪಿನ ಸದ್ದೂ ಇಲ್ಲ ಅಂದರೆ ಇಸಿಎಂಗೆ, ಅಂದರೆ ಇಂಜಿನ್ನನ್ನು ನಡೆಸುವ ಕಂಪ್ಯೂಟರ್ ಪೆಟ್ಟಿಗೆಗೆ, ಕರೆಂಟೇ ಹೋಗುತ್ತಿಲ್ಲ. ಹುಡುಕಬೇಕಾದ್ದು ಫ್ಯೂಸು, ಮೇನ್ ರಿಲೇ (ಇಸಿಎಂಗೆ ಕರೆಂಟು ಬಿಡುವ ವಿದ್ಯುತ್ ಸ್ವಿಚ್ಚು) ಮತ್ತು ಅರ್ಥ್ (ಕರೆಂಟು ಬ್ಯಾಟರಿಯ ಮೈನಸ್ಸಿಗೆ ಹಿಂದಿರುಗುವ ದಾರಿ). ದೀಪ ಹೊತ್ತಿ ಪಂಪು ಮಾತ್ರ ಸುಮ್ಮನಿದ್ದರೆ ಪಂಪಿನ ರಿಲೇ, ಅದರ ವಯರು ಅಥವಾ ಪಂಪು. ಎರಡೂ ಸರಿಯಿದ್ದರೆ ಇಸಿಎಂ ಎಚ್ಚರವಾಗಿದೆ ಎಂದಾಯಿತು, ಅರ್ಧ ಗಾಡಿಯನ್ನು ಸಂಶಯದಿಂದ ಬಿಟ್ಟುಬಿಡಬಹುದು.

ಕಾಸರಗೋಡಿನ ತೋಟದ ಮನೆಗಳಲ್ಲಿ, ಬದಿಯಡ್ಕ, ಪೆರ್ಲ, ಮುಳ್ಳೇರಿಯ, ಅಡೂರು ಕಡೆ, ಅಡಿಕೆ ಗೋಣಿ ಹೇರಲು ಈಗಲೂ ಓಡುವ ಪೆಟ್ರೋಲ್ ಓಮ್ನಿ ಕಾರ್ಗೋ, ಗುಡ್ಡೆ ದಾರಿಯ ಜಿಪ್ಸಿ, ಮೊದಮೊದಲ ಈಕೋಗಳಿಗೆ ಇಲ್ಲಿ ಹೇಳಿದ್ದು ಅನ್ವಯಿಸುತ್ತದೆ. 2000ದ ಆಸುಪಾಸಿನಲ್ಲಿ ಓಮ್ನಿ, ಜಿಪ್ಸಿ ಕಾರ್ಬುರೇಟರ್ ಬಿಟ್ಟು ಎಂಪಿಎಫ್‌ಐಗೆ, ಅಂದರೆ ಪ್ರತಿ ಸಿಲಿಂಡರಿಗೆ ಬೇರೆ ಇಂಜೆಕ್ಟರಿನಿಂದ ಪೆಟ್ರೋಲ್ ಚಿಮ್ಮಿಸುವ ವ್ಯವಸ್ಥೆಗೆ, ಬಂದವು. ಓಮ್ನಿಯದ್ದು 796 ಸಿಸಿಯ ಮೂರು ಸಿಲಿಂಡರ್, ಜಿಪ್ಸಿಯದ್ದು 1298 ಸಿಸಿಯ ನಾಲ್ಕು. ಗಾತ್ರ ಬೇರೆಯಾದರೂ ಕೆಲಸದ ರೀತಿ ಒಂದೇ: ಸೆನ್ಸರುಗಳು ಗಾಳಿಯ ಒತ್ತಡ, ಇಂಜಿನ್ನಿನ ಬಿಸಿ, ಥ್ರಾಟಲ್ ಎಷ್ಟು ತೆರೆದಿದೆ, ಕ್ರ್ಯಾಂಕ್ (ಪಿಸ್ಟನ್ನುಗಳು ತಿರುಗಿಸುವ ದಂಡ) ಎಲ್ಲಿದೆ ಎಂದು ಹೇಳುತ್ತವೆ, ಅದನ್ನು ನಂಬಿ ಇಸಿಎಂ ಇಂಜೆಕ್ಟರನ್ನು ಎಷ್ಟು ಮಿಲಿಸೆಕೆಂಡು ತೆರೆಯಬೇಕು, ಕಿಡಿ ಯಾವಾಗ ಕೊಡಬೇಕು ಎಂದು ತೀರ್ಮಾನಿಸುತ್ತದೆ. ಸುಳ್ಳು ವರದಿ ಹೋದರೆ ತಪ್ಪು ತೀರ್ಮಾನ ಬರುತ್ತದೆ. ಸುಳ್ಳು ಹೇಳುವುದು ಹೆಚ್ಚಿನ ಸಲ ಸೆನ್ಸರಲ್ಲ, ಅದರ ವಯರು. ಹಾಗಾಗಿ ಅಳೆಯದೆ ಒಂದು ಪಾರ್ಟನ್ನೂ ಬದಲಿಸಬಾರದು. ಮಂಗಳೂರಿಗೆ ಹೋಗಿ ಹೊಸ ಸೆನ್ಸರ್ ತಂದು ಹಾಕಿ, ದೀಪ ಮತ್ತೆ ಹೊತ್ತಿ, ಇನ್ನೊಂದನ್ನು ತರಲು ಓಡುವುದರಲ್ಲಿ ಹೋಗುವ ದುಡ್ಡಿಗೆ ಒಳ್ಳೆಯ ಮೀಟರೇ ಬರುತ್ತದೆ.

ಬೇಕಾದ ಸಾಮಾನು ಹೆಚ್ಚಿಲ್ಲ. ಒಂದು ಡಿಜಿಟಲ್ ಮಲ್ಟಿಮೀಟರ್. ಮುಳ್ಳಿನ ಹಳೆಯ ಮೀಟರ್ ಬೇಡ, ಅದು ಸೆನ್ಸರಿನಿಂದಲೇ ಕರೆಂಟು ಎಳೆದು ತಪ್ಪು ಲೆಕ್ಕ ತೋರಿಸುತ್ತದೆ. ಒಂದು ಎಲ್‌ಇಡಿಗೆ 1 ಕಿಲೋ ಓಮ್ ರೆಸಿಸ್ಟರ್ ಬೆಸೆದು ಎರಡು ತುದಿಗೆ ವಯರು ಹಾಕಿದ ಟೆಸ್ಟ್ ಲ್ಯಾಂಪ್. ಬಲ್ಬಿನ ಟೆಸ್ಟ್ ಲ್ಯಾಂಪನ್ನು ಇಸಿಎಂನ ಸಿಗ್ನಲ್ ವಯರಿಗೆ ತಾಗಿಸಬೇಡಿ, ಅದು ಎಳೆಯುವ ಕರೆಂಟಿಗೆ ಒಳಗಿನ ಟ್ರಾನ್ಸಿಸ್ಟರ್ ಸುಡಬಹುದು. ಸ್ಪಾರ್ಕ್ ಟೆಸ್ಟರ್, ಸಾಧ್ಯವಾದರೆ ಫ್ಯುಯೆಲ್ ಪ್ರೆಶರ್ ಗೇಜ್, ಸಪೂರ ಗುಂಡುಸೂಜಿ ನಾಲ್ಕು, ಮರಳು ಕಾಗದ, ಒಂದು ಸ್ಪ್ರೇ ಬಾಟಲಿ ನೀರು.

ಮೊದಲು ಬ್ಯಾಟರಿ, ಆಮೇಲೆ ಅರ್ಥ್

ರಾತ್ರಿಯಿಡೀ ನಿಂತ ಗಾಡಿಯ ಬ್ಯಾಟರಿ 12.4ರಿಂದ 12.7 ವೋಲ್ಟ್ ತೋರಿಸಬೇಕು. ಸ್ಟಾರ್ಟರ್ ತಿರುಗುವಾಗ 9.6ಕ್ಕಿಂತ ಕೆಳಗೆ ಇಳಿಯಬಾರದು. ಇಳಿದರೆ ಇಂಜಿನ್ ತಿರುಗುತ್ತಿದ್ದರೂ ಇಸಿಎಂ ಮಂಕಾಗಿ ಕಿಡಿಯನ್ನೋ ಪೆಟ್ರೋಲನ್ನೋ ನಿಲ್ಲಿಸಿಬಿಡುತ್ತದೆ. ತಳ್ಳಿದರೆ ಸ್ಟಾರ್ಟ್ ಆಗುವ, ಕೀಯಲ್ಲಿ ಆಗದ ಗಾಡಿಗಳಲ್ಲಿ ಇದನ್ನು ಮೊದಲು ನೋಡಿ. ಓಡುತ್ತಿರುವಾಗ 13.8ರಿಂದ 14.5 ಇರಬೇಕು.

ಅರ್ಥನ್ನು ಓಮ್‌ನಲ್ಲಿ ಅಳೆದು ಪ್ರಯೋಜನವಿಲ್ಲ. ಒಂದೇ ಒಂದು ಎಳೆ ಉಳಿದ ವಯರೂ ಸೊನ್ನೆ ಓಮ್ ತೋರಿಸುತ್ತದೆ, ಹೊರೆ ಬಿದ್ದಾಗ ಕೈಕೊಡುತ್ತದೆ. ಮೀಟರನ್ನು ಡಿಸಿ ವೋಲ್ಟಿಗೆ ಇಡಿ. ಕಪ್ಪು ತುದಿ ಬ್ಯಾಟರಿಯ ಮೈನಸ್ ಕಂಬಕ್ಕೇ ಇರಲಿ, ಕ್ಲ್ಯಾಂಪಿಗೆ ಬೇಡ. ಕೆಂಪು ತುದಿ ಇಂಜಿನ್ ಬ್ಲಾಕಿನ ಶುಭ್ರ ಲೋಹಕ್ಕೆ. ಒಬ್ಬರು ಸ್ಟಾರ್ಟರ್ ತಿರುಗಿಸಲಿ. 0.2 ವೋಲ್ಟಿನೊಳಗೆ ಬಂದರೆ ಚೆನ್ನ. ಅರ್ಧ ವೋಲ್ಟ್ ಬಂದರೆ ಅರ್ಥ್ ಪಟ್ಟಿ ಸತ್ತಿದೆ. ಅನಂತರ ಇಂಜಿನ್ ಓಡುವಾಗ ಹೆಡ್‌ಲೈಟ್ ಹಾಕಿ, ಕೆಂಪು ತುದಿಯನ್ನು ಇಸಿಎಂನ ಅರ್ಥ್ ವಯರಿಗೆ ಹಿಂದಿನಿಂದ ಗುಂಡುಸೂಜಿ ಇಳಿಸಿ ತಾಗಿಸಿ. ಇಲ್ಲಿ 0.1 ವೋಲ್ಟಿಗಿಂತ ಹೆಚ್ಚು ಬರಬಾರದು. ಸೆನ್ಸರುಗಳದ್ದು ಐದು ವೋಲ್ಟಿನ ಲೆಕ್ಕ. ಅರ್ಥಿನಲ್ಲಿ ಅರ್ಧ ವೋಲ್ಟ್ ತಪ್ಪಿದರೆ ಪ್ರತಿಯೊಂದು ಸೆನ್ಸರೂ ಶೇ. 10ರಷ್ಟು ಸುಳ್ಳು ಹೇಳಿದ ಹಾಗೆ. ಒಂದಕ್ಕೊಂದು ಸಂಬಂಧವಿಲ್ಲದ ಮೂರು ನಾಲ್ಕು ಕೋಡು (ಇಸಿಎಂ ದಾಖಲಿಸಿಡುವ ದೋಷದ ಸಂಖ್ಯೆ) ಒಟ್ಟಿಗೆ ಬಂದರೆ ಅರ್ಥೇ ಕಾರಣ ಎಂದು ಹಿಡಿದು ಹೊರಡಿ.

ನಮ್ಮ ಕಡೆ ಅರ್ಥ್ ಹಾಳಾಗಲು ಮೂರು ಕಾರಣ. ಮಂಜೇಶ್ವರ, ಉಪ್ಪಳ, ಕುಂಬಳೆಯ ಕಡಲ ಬದಿಯಲ್ಲಿ ಉಪ್ಪು ಗಾಳಿ. ಜೂನಿನಿಂದ ಸೆಪ್ಟೆಂಬರ್ ತನಕ ಬಿಡದ ಮಳೆ. ಮೂರನೆಯದನ್ನು ಹೆಚ್ಚಿನವರು ಗಮನಿಸುವುದಿಲ್ಲ: ಅಡಿಕೆಗೆ ಮದ್ದು ಬಿಡುವ ಸಮಯದಲ್ಲಿ ಗಾಡಿಯಲ್ಲಿ ಮೈಲುತುತ್ತಿನ ನೀರು ಸಾಗಿಸುವುದು. ಡ್ರಮ್ಮಿನಿಂದ ತುಳುಕಿದ ದ್ರಾವಣ ನೆಲದ ತಗಡಿನ ಮೇಲೆ ಹರಿದು, ವಯರಿಂಗಿನ ಬೋಲ್ಟಿನ ಬುಡದಲ್ಲಿ ನಿಂತು ಕಬ್ಬಿಣವನ್ನು ತಿನ್ನುತ್ತದೆ. ಅಂಥ ಬೋಲ್ಟನ್ನು ಬಿಚ್ಚಿ ನೋಡಿ. ಮೇಲಿನಿಂದ ಬಿಗಿಯಾಗಿಯೇ ಇರುತ್ತದೆ; ಉಂಗುರದ ಅಡಿಯಲ್ಲಿ ಕೆಂಪು ತುಕ್ಕಿನ ಹಾಳೆ, ವಯರು ಉಂಗುರಕ್ಕೆ ಸೇರುವ ಬಾಯಲ್ಲಿ ಹಸಿರು ಹುಡಿ, ಪ್ಲಾಸ್ಟಿಕ್ ಹೊದಿಕೆಯನ್ನು ಒಂದು ಇಂಚು ಸೀಳಿದರೆ ಒಳಗಿನ ತಾಮ್ರ ಕಪ್ಪಾಗಿ ಪುಡಿಯಾಗುತ್ತದೆ. ಬೋಲ್ಟ್ ಉಜ್ಜಿ ಬಿಗಿದರೆ ಇದಕ್ಕೆ ಸಾಲದು. ಹೊಳೆಯುವ ತಾಮ್ರ ಸಿಗುವ ತನಕ ವಯರು ಕತ್ತರಿಸಿ, ಹೊಸ ಉಂಗುರ ಬೆಸೆದು, ತಗಡನ್ನು ಮರಳು ಕಾಗದದಲ್ಲಿ ಬೆಳ್ಳಗೆ ಉಜ್ಜಿ, ಬಿಗಿದ ಮೇಲೆ ವ್ಯಾಸಲೀನ್ ಹಚ್ಚಿ.

ದೀಪ ಮಿಟುಕಿಸಿ ಹೇಳುವ ಕೋಡು

16 ಪಿನ್ನಿನ ಒಬಿಡಿ ಸಾಕೆಟ್ ಇರುವ ಗಾಡಿಗೆ ಕೋಡು ಓದುವ ಸ್ಕ್ಯಾನರ್ ಹಾಕಬಹುದು. ಸಾಕೆಟ್ ಕಂಡ ಮಾತ್ರಕ್ಕೆ ಅಗ್ಗದ ಬ್ಲೂಟೂತ್ ಸಾಧನ ಮಾತಾಡುತ್ತದೆ ಎಂದಲ್ಲ, ಹಳೆಯವು ಕಂಪೆನಿಯ ಸ್ವಂತ ಭಾಷೆಯಲ್ಲಿ ಮಾತಾಡುತ್ತವೆ. ಸಾಧನಕ್ಕೆ ಜೀವವೇ ಬರದಿದ್ದರೆ 16ನೇ ಪಿನ್ನಿನಲ್ಲಿ ಬ್ಯಾಟರಿ ವೋಲ್ಟ್, 4 ಮತ್ತು 5ರಲ್ಲಿ ಅರ್ಥ್ ಇದೆಯೇ ನೋಡಿ.

ಅದಕ್ಕಿಂತ ಹಳೆಯ ಸುಜುಕಿ ವ್ಯವಸ್ಥೆಯಲ್ಲಿ ಡಯಾಗ್ನೋಸಿಸ್ ಕಪ್ಲರಿನ (ದೋಷ ನೋಡಲು ಇಟ್ಟ ವಯರಿನ ಪ್ಲಗ್ಗು) ನಿಗದಿತ ಪಿನ್ನನ್ನು ಅರ್ಥಿಗೆ ಜೋಡಿಸಿ ಕೀ ಆನ್ ಮಾಡಿದರೆ ದೀಪ ಮಿಟುಕುತ್ತದೆ. ಯಾವ ಪಿನ್ ಎಂಬುದನ್ನು ನಿಮ್ಮ ಮಾಡೆಲಿನ ವಯರಿಂಗ್ ಚಿತ್ರ ನೋಡಿಯೇ ಖಚಿತ ಮಾಡಿಕೊಳ್ಳಿ, ಊಹಿಸಿ ತಾಗಿಸಬೇಡಿ. ಒಂದು ಮಿಟುಕು, ಸಣ್ಣ ಬಿಡುವು, ಎರಡು ಮಿಟುಕು ಅಂದರೆ 12. ಪ್ರತಿ ಕೋಡು ಮೂರು ಸಲ ಬಂದು ಮುಂದಿನದಕ್ಕೆ ಹೋಗುತ್ತದೆ. 12 ಮಾತ್ರ ಬಂದರೆ ದೋಷ ದಾಖಲಾಗಿಲ್ಲ. 13 ಹೊಗೆಯಲ್ಲಿ ಉಳಿದ ಆಮ್ಲಜನಕ ನೋಡುವ ಆಕ್ಸಿಜನ್ ಸೆನ್ಸರ್, 14 ಮತ್ತು 15 ಕೂಲಂಟ್ (ಇಂಜಿನ್ ತಣಿಸುವ ನೀರು) ಬಿಸಿಯ ಸೆನ್ಸರ್, 21 ಮತ್ತು 22 ಥ್ರಾಟಲ್ ಸೆನ್ಸರ್, 23 ಮತ್ತು 25 ಒಳಗೆ ಹೋಗುವ ಗಾಳಿಯ ಬಿಸಿ, 24 ವೇಗದ ಸೆನ್ಸರ್, 31 ಮತ್ತು 32 ಗಾಳಿ ಒತ್ತಡದ ಮ್ಯಾಪ್ ಸೆನ್ಸರ್, 42 ಕ್ಯಾಮ್ (ವಾಲ್ವ್ ತೆರೆಯುವ ದಂಡ) ಸೆನ್ಸರ್. ಬರೆದಿಟ್ಟುಕೊಳ್ಳಿ. ಬರೆಯುವ ಮೊದಲು ಬ್ಯಾಟರಿ ಕಳಚಿದರೆ ಸಾಕ್ಷಿ ಅಳಿಸಿಹೋಗುತ್ತದೆ.

ಕೋಡು ಹೇಳುವುದು ಆ ಸರ್ಕಿಟ್ಟಿನಲ್ಲಿ ತೊಂದರೆ ಎಂದು ಮಾತ್ರ. ಸೆನ್ಸರೋ ವಯರೋ ಇಸಿಎಂನ ಒಳಗೋ ಎಂದು ಬೇರ್ಪಡಿಸುವುದು ನಮ್ಮ ಕೆಲಸ. ಅದಕ್ಕೊಂದು ಸರಳ ದಾರಿಯಿದೆ, ಕೂಲಂಟ್ ಸೆನ್ಸರಿನಲ್ಲಿ ಕಲಿತರೆ ಉಳಿದವಕ್ಕೂ ಅದೇ ಬುದ್ಧಿ ಸಾಕು.

ಇದು ಎರಡು ವಯರಿನ ಸೆನ್ಸರ್. ಕಪ್ಲರ್ ಕಳಚಿ, ಕೀ ಆನ್ ಇಟ್ಟು, ವಯರಿಂಗ್ ಕಡೆಯ ಎರಡು ಪಿನ್ನಿನ ನಡುವೆ ಅಳೆಯಿರಿ: ಸುಮಾರು 5 ವೋಲ್ಟ್ ಬರಬೇಕು. ಬಂದರೆ ಇಸಿಎಂನಿಂದ ಹೋಗುವ ವಯರೂ ಹಿಂದಿರುಗುವ ಅರ್ಥೂ ಎರಡೂ ಜೀವಂತ. ಸೆನ್ಸರಿನ ಓಮ್ ಅಳೆಯಿರಿ: 20 ಡಿಗ್ರಿಯಲ್ಲಿ ಎರಡೂವರೆ ಕಿಲೋ ಓಮ್‌ನ ಹತ್ತಿರ, 80 ಡಿಗ್ರಿಯಲ್ಲಿ 300 ಓಮ್‌ನ ಆಸುಪಾಸು. ಬಿಸಿ ಏರಿದ ಹಾಗೆ ಓಮ್ ಒಂದೇ ಸಮ ಇಳಿಯಬೇಕು, ನಡುವೆ ಜಿಗಿಯಬಾರದು. ಈಗ ಪರೀಕ್ಷೆ. ಕಪ್ಲರ್ ಕಳಚಿಯೇ ಇಂಜಿನ್ ಓಡಿಸಿ ಕೋಡು ನೋಡಿದರೆ 14 ಬರಬೇಕು. ಇಸಿಎಂ ಸರ್ಕಿಟ್ ತುಂಡಾಗಿದೆ, ಇಂಜಿನ್ ವಿಪರೀತ ತಣ್ಣಗಿದೆ ಎಂದುಕೊಂಡಿದೆ. ಎರಡು ಪಿನ್ನಿಗೆ ತುಂಡು ವಯರು ಕೂಡಿಸಿ ಓಡಿಸಿದರೆ 15 ಬರಬೇಕು. ಹೀಗೆ 14, 15 ಬದಲಾದರೆ ಇಸಿಎಂ ಮತ್ತು ವಯರು ಸರಿ, ತಪ್ಪು ಸೆನ್ಸರಿನದ್ದು. ಕೂಡಿಸಿದ ಮೇಲೂ 14 ಅಲ್ಲಾಡದಿದ್ದರೆ ಹೊಸ ಸೆನ್ಸರ್ ತರುವುದು ದಂಡ, ವಯರು ಎಲ್ಲೋ ತುಂಡಾಗಿದೆ. ಮೂರು ವಯರಿನ ಸೆನ್ಸರಿಗೆ, ಅಂದರೆ ಥ್ರಾಟಲ್ ಮತ್ತು ಮ್ಯಾಪ್‌ಗೆ, ಈ ತುಂಡು ವಯರಿನ ಪರೀಕ್ಷೆ ಕುರುಡಾಗಿ ಮಾಡಬೇಡಿ. 5 ವೋಲ್ಟಿನ ವಯರನ್ನು ಅರ್ಥಿಗೆ ತಾಗಿಸಿದರೆ ಆ ವೋಲ್ಟನ್ನು ಹಂಚಿಕೊಂಡ ಸೆನ್ಸರುಗಳ ಲೆಕ್ಕವೆಲ್ಲ ಒಟ್ಟಿಗೆ ತಪ್ಪುತ್ತದೆ.

ಥ್ರಾಟಲ್ ಸೆನ್ಸರಿನ ಸಿಗ್ನಲ್ ಪೆಡಲ್ ಬಿಟ್ಟಾಗ ಒಂದು ವೋಲ್ಟಿನೊಳಗೆ, ಪೂರ್ತಿ ಒತ್ತಿದಾಗ ಮೂರೂವರೆಯಿಂದ ನಾಲ್ಕೂವರೆ. ನಿಧಾನಕ್ಕೆ ಒತ್ತುತ್ತಾ ಹೋಗಿ. ನಡುವೆ ಅಂಕೆ ಒಮ್ಮೆ ಸೊನ್ನೆಗೆ ಬಿದ್ದು ಎದ್ದರೆ ಒಳಗಿನ ಪಟ್ಟಿ ಸವೆದಿದೆ, ಓಡಿಸುವಾಗ ಅದೇ ಜಾಗದಲ್ಲಿ ಗಾಡಿ ಜಗ್ಗುತ್ತದೆ.

ಮ್ಯಾಪ್ ಸೆನ್ಸರ್ ಇಂಜಿನ್ ನಿಂತು ಕೀ ಆನ್ ಇದ್ದಾಗ ಹೊರಗಿನ ಗಾಳಿಯ ಒತ್ತಡವನ್ನೇ ಓದುತ್ತದೆ. ಸಮುದ್ರಮಟ್ಟದ ಕಾಸರಗೋಡಿನಲ್ಲಿ ಸಾಮಾನ್ಯವಾಗಿ ಮೂರೂವರೆ ವೋಲ್ಟಿಗಿಂತ ಮೇಲೆ. ಪಾಣತ್ತೂರು ಹಾದಿಯಾಗಿ ಮಡಿಕೇರಿಗೆ ಹತ್ತಿ ಅಲ್ಲಿ ಅಳೆದರೆ ಕಡಿಮೆ ಬರಬೇಕು. ಸುಮಾರು 1150 ಮೀಟರ್ ಎತ್ತರದಲ್ಲಿ ಗಾಳಿ ಎಂಟನೇ ಒಂದು ಭಾಗ ತೆಳು. ಇಂಜಿನ್ ಐಡಲ್‌ನಲ್ಲಿದ್ದಾಗ, ಅಂದರೆ ಪೆಡಲ್ ಒತ್ತದೆ ನಿಂತಲ್ಲೇ ಓಡುವಾಗ, ಒಂದರಿಂದ ಒಂದೂವರೆ ವೋಲ್ಟಿಗೆ ಇಳಿಯಬೇಕು. ಇಳಿಯದಿದ್ದರೆ ಸೆನ್ಸರನ್ನು ದೂರುವ ಮೊದಲು ಅದಕ್ಕೆ ಬರುವ ಸಪೂರ ರಬ್ಬರ್ ಪೈಪನ್ನು ಕೈಯಲ್ಲಿ ಬಗ್ಗಿಸಿ ನೋಡಿ. ಓಮ್ನಿಯ ಇಂಜಿನ್ ಸೀಟಿನ ಅಡಿಯಲ್ಲಿರುವುದರಿಂದ ಆ ಸೆಕೆಗೆ ರಬ್ಬರ್ ಬೇಗ ಸೀಳುತ್ತದೆ.

ಪೆಟ್ರೋಲ್ ಕುಡಿಯುತ್ತದೆ, ಹೊಗೆ ಕಪ್ಪು

ಈ ದೂರಿಗೆ ನಮ್ಮ ಊರಿನಲ್ಲಿ ಒಂದು ವಿಶೇಷ ಕಾರಣವಿದೆ, ಅದು ಸೆನ್ಸರಿನಲ್ಲೂ ವಯರಿನಲ್ಲೂ ಇಲ್ಲ. ಸೆಕೆಯ ಊರು, ಇಂಜಿನ್ ಬಿಸಿಯಾಗುತ್ತದೆ ಎಂದು ಯಾರೋ ಥರ್ಮೋಸ್ಟಾಟ್ ವಾಲ್ವನ್ನು (ಇಂಜಿನ್ ಬಿಸಿಯಾಗುವ ತನಕ ನೀರನ್ನು ರೇಡಿಯೇಟರಿಗೆ ಬಿಡದ ವಾಲ್ವ್) ತೆಗೆದು ಎಸೆದಿರುತ್ತಾರೆ. ಕಾರ್ಬುರೇಟರ್ ಕಾಲದಲ್ಲಿ ನಡೆಯುತ್ತಿತ್ತು. ಎಂಪಿಎಫ್‌ಐಯಲ್ಲಿ ಹಾಗೆ ಮಾಡಿದರೆ ಮಳೆಗಾಲದಲ್ಲಿ ಇಂಜಿನ್ 80 ಡಿಗ್ರಿ ಮುಟ್ಟುವುದೇ ಇಲ್ಲ, ಅರವತ್ತರ ಸುತ್ತ ತಿರುಗುತ್ತಿರುತ್ತದೆ. ಇಸಿಎಂ ಅದನ್ನು ಇನ್ನೂ ಬಿಸಿಯಾಗದ ಇಂಜಿನ್ ಎಂದು ತಿಳಿದು ಹೆಚ್ಚು ಪೆಟ್ರೋಲ್ ಕೊಡುತ್ತಲೇ ಹೋಗುತ್ತದೆ. ಕೋಡು ಬರುವುದಿಲ್ಲ, ಏಕೆಂದರೆ ಸೆನ್ಸರ್ ಹೇಳುತ್ತಿರುವುದು ನಿಜ. 20 ನಿಮಿಷ ಓಡಿಸಿ ಬಂದು ಸೆನ್ಸರಿನ ಓಮ್ ಅಳೆದು ನೋಡಿ. 500, 600 ಓಮ್‌ನಲ್ಲೇ ನಿಂತಿದ್ದರೆ ಥರ್ಮೋಸ್ಟಾಟ್ ಇಲ್ಲ ಅಥವಾ ತೆರೆದೇ ಸಿಕ್ಕಿಕೊಂಡಿದೆ. ಅದನ್ನು ವಾಪಸು ಹಾಕಿಸಿ. ಇಂಜಿನ್ ಬಿಸಿಯಾಗುವ ದೂರಿದ್ದರೆ ರೇಡಿಯೇಟರ್, ಫ್ಯಾನ್, ಹೆಡ್ ಗ್ಯಾಸ್ಕೆಟ್ ನೋಡಬೇಕು.

ಆಕ್ಸಿಜನ್ ಸೆನ್ಸರಿನ ಮೇಲೆ ಅನ್ಯಾಯದ ದೂರು ಬರುವುದು ಇಲ್ಲಿಯೇ. ಚೆನ್ನಾಗಿ ಬಿಸಿಯಾದ ಇಂಜಿನನ್ನು 2500 ಆರ್‌ಪಿಎಮ್ಮಿನಲ್ಲಿ ಹಿಡಿದಾಗ ಅದರ ಸಿಗ್ನಲ್ 0.1 ಮತ್ತು 0.9 ವೋಲ್ಟಿನ ನಡುವೆ ಮೇಲೆ ಕೆಳಗೆ ಆಡುತ್ತಿರಬೇಕು. 0.1ರಲ್ಲೇ ನಿಂತಿದ್ದರೆ ಪೆಟ್ರೋಲ್ ಕಡಿಮೆ ಎಂದು ಅದು ಹೇಳುತ್ತಿದೆ. ನಿಜ ಹೇಳುತ್ತಿದೆಯೇ ಎಂದು ಪರೀಕ್ಷಿಸಿ. ಏರ್ ಫಿಲ್ಟರಿನ ಬಾಯನ್ನು ಬಟ್ಟೆಯಿಂದ ಅರ್ಧ ಮುಚ್ಚಿ ಒಮ್ಮೆ ಜೋರಾಗಿ ಎಕ್ಸಿಲೇಟರ್ ಕೊಡಿ. ವೋಲ್ಟ್ ಮೇಲೆ ಏರಿದರೆ ಸೆನ್ಸರ್ ಬದುಕಿದೆ. ದೋಷ ಗಾಳಿ ಸೋರಿಕೆ, ಕಡಿಮೆ ಪೆಟ್ರೋಲ್ ಒತ್ತಡ ಅಥವಾ ಸೆನ್ಸರಿಗಿಂತ ಮೊದಲು ಒಡೆದ ಸೈಲೆನ್ಸರ್ ಪೈಪು. 0.9ರಲ್ಲಿ ನಿಂತಿದ್ದರೆ ಒಂದು ವ್ಯಾಕ್ಯೂಮ್ ಪೈಪು ಕಳಚಿ. ಇಳಿದರೆ ಸೆನ್ಸರ್ ಸರಿ.

ಬಿಸಿಯಾದ ಮೇಲೆ ನಿಂತುಹೋಗುವ ಗಾಡಿ

ಎಲ್ಲಕ್ಕಿಂತ ತಾಳ್ಮೆ ಬೇಡುವುದು ಇದು. ಬೆಳಿಗ್ಗೆ ಒಂದೇ ಸಲಕ್ಕೆ ಸ್ಟಾರ್ಟ್, ಅರ್ಧ ಗಂಟೆ ಓಡಿದ ಮೇಲೆ ದಾರಿಯಲ್ಲಿ ಬಂದ್, ಇಪ್ಪತ್ತು ನಿಮಿಷ ಬಿಟ್ಟರೆ ಮತ್ತೆ ಸರಿ. ಗ್ಯಾರೇಜಿಗೆ ತಲುಪುವಾಗ ಏನೂ ಸಿಗುವುದಿಲ್ಲ. ನಿಂತ ಆ ಹೊತ್ತಿಗೇ ಹಿಡಿಯಬೇಕು, ಆದ್ದರಿಂದ ಎಲ್‌ಇಡಿ ಲ್ಯಾಂಪ್ ಗಾಡಿಯಲ್ಲೇ ಇರಲಿ.

ಗಾಡಿ ನಿಂತ ಕೂಡಲೇ ಒಂದು ಇಂಜೆಕ್ಟರಿನ ಕಪ್ಲರ್ ಕಳಚಿ ವಯರಿಂಗ್ ಕಡೆಯ ಎರಡು ಪಿನ್ನಿಗೆ ಎಲ್‌ಇಡಿ ಜೋಡಿಸಿ. ಬಾರದಿದ್ದರೆ ತುದಿ ತಿರುಗಿಸಿ ಹಾಕಿ. ಒಬ್ಬರು ಸ್ಟಾರ್ಟರ್ ತಿರುಗಿಸಲಿ. ಎಲ್‌ಇಡಿ ಮಿಟುಕುತ್ತಿದೆಯೇ? ಅದರ ಜೊತೆಗೆ ಸ್ಪಾರ್ಕ್ ಟೆಸ್ಟರಿನಲ್ಲಿ ಕಿಡಿ ನೋಡಿ. ಪ್ಲಗ್ ವಯರನ್ನು ಬರಿದೇ ದೂರ ಹಿಡಿದು ಕಿಡಿ ಹಾರಿಸುವ ಹಳೆಯ ಅಭ್ಯಾಸ ಬಿಡಿ, ಇಗ್ನೈಟರ್ (ಕಿಡಿಯ ಕಾಯಿಲಿಗೆ ಕರೆಂಟು ಹಾಯಿಸಿ ಕಡಿಯುವ ಭಾಗ) ಸುಡುತ್ತದೆ, ಕೈಗೂ ಒಳ್ಳೆಯದಲ್ಲ.

ಕಿಡಿಯೂ ಇಲ್ಲ, ಮಿಟುಕೂ ಇಲ್ಲ ಅಂದರೆ ಇಸಿಎಂಗೆ ಇಂಜಿನ್ ತಿರುಗುತ್ತಿರುವುದೇ ತಿಳಿಯುತ್ತಿಲ್ಲ ಅಥವಾ ಅದಕ್ಕೆ ಕರೆಂಟಿಲ್ಲ. ಇಂಜಿನ್ ದೀಪ ಹೊತ್ತಿದ್ದರೆ ಕ್ರ್ಯಾಂಕ್ ಅಥವಾ ಕ್ಯಾಮ್ ಸೆನ್ಸರ್ ಮೇಲೆ ಒದ್ದೆ ಬಟ್ಟೆ ಇಟ್ಟು ಎರಡು ನಿಮಿಷ ತಣಿಸಿ ಮತ್ತೆ ತಿರುಗಿಸಿ. ಇಂಜಿನ್ ಸ್ಟಾರ್ಟ್ ಆದರೆ ದೋಷ ಸಿಕ್ಕಿತು: ಸೆನ್ಸರಿನ ಒಳಗಿನ ಸುರುಳಿಯ ಬೆಸುಗೆ ಬಿಸಿಗೆ ಹಿಗ್ಗಿ ಬಿಟ್ಟುಕೊಳ್ಳುತ್ತಿದೆ. ದೀಪವೂ ಇಲ್ಲದಿದ್ದರೆ ಮೇನ್ ರಿಲೇಯನ್ನು ಬೆರಳಿನಿಂದ ಬಡಿದು ನೋಡಿ, ಅದರ ಕಾಲಿನ ಬೆಸುಗೆ ಬಿರುಕು ಬಿಡುವುದುಂಟು. ಮಿಟುಕು ಇದೆ, ಕಿಡಿ ಇಲ್ಲ ಅಂದರೆ ಕಾಯಿಲ್ ಅಥವಾ ಇಗ್ನೈಟರ್. ಎರಡೂ ಇದ್ದು ಸ್ಟಾರ್ಟ್ ಆಗದಿದ್ದರೆ ಪೆಟ್ರೋಲಿನ ಒತ್ತಡ ನೋಡಬೇಕು.

ಒತ್ತಡ ಅಳೆಯುವ ಮೊದಲು ಪಂಪಿನ ರಿಲೇ ಕಳಚಿ ಇಂಜಿನ್ ಓಡಿಸಿ ತಾನಾಗಿ ನಿಲ್ಲುವ ತನಕ ಬಿಡಿ, ಲೈನಿನ ಒತ್ತಡ ಇಳಿಯುತ್ತದೆ. ಹಾಗೆ ಮಾಡದೆ ಪೈಪ್ ಬಿಚ್ಚಿದರೆ ಬಿಸಿ ಇಂಜಿನ್ ಮೇಲೆ ಪೆಟ್ರೋಲ್ ಚಿಮ್ಮುತ್ತದೆ. ಓಮ್ನಿಯಲ್ಲಿ ಇದು ಸೀಟಿನ ಅಡಿಯಲ್ಲೇ ಎಂಬುದು ನೆನಪಿರಲಿ. ಗೇಜ್ ಸುಮಾರು ಎರಡೂವರೆಯಿಂದ ಮೂರು ಬಾರ್ ತೋರಿಸಬೇಕು. ಪಂಪು ನಿಂತ ಮೇಲೆ ಒತ್ತಡ ಕ್ಷಣದಲ್ಲಿ ಸೊನ್ನೆಗೆ ಬಿದ್ದರೆ ಪೆಟ್ರೋಲ್ ಹಿಂದಕ್ಕೆ ಹರಿಯದಂತೆ ತಡೆಯುವ ಪಂಪಿನ ಚೆಕ್ ವಾಲ್ವ್ ಅಥವಾ ಸೋರುವ ಇಂಜೆಕ್ಟರ್ ಕಾರಣ. ಈಗಿನ ಪೆಟ್ರೋಲಿನಲ್ಲಿ ಶೇ. 20ರ ವರೆಗೆ ಎಥೆನಾಲ್ ಇದೆ, ಅದು ನೀರನ್ನು ಎಳೆದುಕೊಳ್ಳುತ್ತದೆ. ಮಳೆಗಾಲವಿಡೀ ಅರ್ಧ ಟ್ಯಾಂಕಿನಲ್ಲಿ ನಿಂತ ಗಾಡಿಯ ಪೆಟ್ರೋಲನ್ನು ಗಾಜಿನ ಬಾಟಲಿಗೆ ತೆಗೆದು ಹತ್ತು ನಿಮಿಷ ಬಿಟ್ಟು ನೋಡಿ. ಅಡಿಯಲ್ಲಿ ಬೇರೆ ಪದರ ನಿಂತರೆ ಟ್ಯಾಂಕ್ ಖಾಲಿ ಮಾಡದೆ ಮುಂದಿನ ಯಾವ ಪರೀಕ್ಷೆಗೂ ಅರ್ಥವಿಲ್ಲ.

ಐಡಲ್ ಏರಿಳಿತ ಮತ್ತು ಮಳೆಯ ಮಿಸ್ಸಿಂಗ್

ಐಡಲ್ ಏರಿಳಿಯುತ್ತಿದ್ದರೆ ಥ್ರಾಟಲ್ ಬಾಡಿ ತೊಳೆಯಿರಿ, ಐಡಲ್ ವಾಲ್ವಿನ ಮಸಿ ತೆಗೆಯಿರಿ. ಆಮೇಲೆ ಮ್ಯಾನಿಫೋಲ್ಡ್ ಗ್ಯಾಸ್ಕೆಟ್, ಪೈಪುಗಳ ಸಂದಿಗೆ ನೀರು ಸಿಂಪಡಿಸಿ. ಸದ್ದು ಬದಲಾದ ಕಡೆ ಗಾಳಿ ಎಳೆಯುತ್ತಿದೆ. ಕ್ಲೀನರ್ ಸ್ಪ್ರೇ ಬಳಸುವವರಿದ್ದಾರೆ, ಬಿಸಿ ಇಂಜಿನ್ ಮೇಲೆ ಅದು ಬೆಂಕಿ ಹಿಡಿಯುತ್ತದೆ. ಐಡಲ್ ಸ್ಕ್ರೂ ತಿರುಗಿಸಿ ಸರಿಪಡಿಸಲು ಹೋಗಬೇಡಿ.

ಮಳೆ ಬಂದಾಗ ಮಾತ್ರ ಮಿಸ್ಸಿಂಗ್ ಇದ್ದರೆ, ಅಂದರೆ ಇಂಜಿನ್ ತಪ್ಪಿ ತಪ್ಪಿ ಓಡಿದರೆ, ರಾತ್ರಿ ಕತ್ತಲಲ್ಲಿ ಇಂಜಿನ್ ಓಡಿಸಿ ಪ್ಲಗ್ ವಯರುಗಳ ಮೇಲೆ ನೀರು ಸಿಂಪಡಿಸಿ. ನೀಲಿ ಕಿಡಿ ಹರಿದಾಡುವುದು ಕಣ್ಣಿಗೇ ಕಾಣುತ್ತದೆ.

ಇಲಿ, ಗ್ಯಾಸ್ ಕಿಟ್, ವೆಲ್ಡಿಂಗ್

ಅಡಿಕೆ ಕೊಟ್ಟಿಗೆಯ ಬದಿಯಲ್ಲಿ ನಿಲ್ಲಿಸಿದ ಗಾಡಿಗೆ ಇಲಿಯ ಕಾಟ ಇದ್ದೇ ಇದೆ. ಇಂಜಿನ್ ಕವರ್ ಎತ್ತಿದಾಗ ಅಡಿಕೆ ಸಿಪ್ಪೆಯ ನಾರು ಕಂಡರೆ ವಯರಿಂಗ್ ಸುರುಳಿಯನ್ನು ಪೂರ್ತಿ ಬಿಡಿಸಿ ನೋಡಲೇಬೇಕು. ಕಡಿದ ವಯರನ್ನು ತಿರುಚಿ ಕಪ್ಪು ಟೇಪು ಸುತ್ತಿದರೆ ಒಂದೇ ಮಳೆಗಾಲ ಬಾಳುತ್ತದೆ. ಬೆಸೆದು, ಒಳಗೆ ಅಂಟು ಇರುವ ಹೀಟ್ ಶ್ರಿಂಕ್ ಕೊಳವೆ ಹಾಕಿ. ಇಂಜಿನ್ ಓಡುತ್ತಿರುವಾಗ ಸುರುಳಿಯನ್ನು ಅರ್ಧ ಅಡಿಗೊಮ್ಮೆ ಅಲುಗಾಡಿಸುತ್ತಾ ಹೋದರೆ ಒಳಗೇ ತುಂಡಾದ ಜಾಗ ತಾನಾಗಿ ಹೇಳುತ್ತದೆ.

ಎಲ್‌ಪಿಜಿ ಕಿಟ್ ಹಾಕಿದ, ಅಥವಾ ಹಾಕಿ ತೆಗೆದ ಓಮ್ನಿಯಲ್ಲಿ ಇಂಜೆಕ್ಟರ್ ವಯರನ್ನು ಕತ್ತರಿಸಿ ಎಮ್ಯುಲೇಟರ್ (ಗ್ಯಾಸಿನಲ್ಲಿ ಓಡುವಾಗ ಇಂಜೆಕ್ಟರ್ ಕೆಲಸ ಮಾಡುತ್ತಿರುವ ಹಾಗೆ ಇಸಿಎಂಗೆ ತೋರಿಸುವ ಸಾಧನ) ಸೇರಿಸಿರುತ್ತಾರೆ. ಕಿಟ್ ಹೋದರೂ ಆ ಜೋಡಣೆಗಳು ಉಳಿದಿರುತ್ತವೆ. ಪೆಟ್ರೋಲಿನಲ್ಲಿ ಒಂದು ಸಿಲಿಂಡರ್ ಸತ್ತ ಹಾಗಿದ್ದರೆ ಅಲ್ಲಿಂದಲೇ ಹುಡುಕಲು ಶುರು ಮಾಡಿ.

ಕಡಲ ಬದಿಯ ಗಾಡಿಗೆ ವರ್ಷಕ್ಕೊಮ್ಮೆ ತಗಡು ವೆಲ್ಡ್ ಮಾಡಿಸುವುದು ತಪ್ಪುವುದಿಲ್ಲ. ಆಗ ಬ್ಯಾಟರಿಯ ಮೈನಸ್ ಕಳಚಿ, ಇಸಿಎಂನ ಕಪ್ಲರನ್ನೂ ಎಳೆದು ಇಡಿ, ವೆಲ್ಡಿಂಗಿನ ಅರ್ಥ್ ಕ್ಲ್ಯಾಂಪನ್ನು ಬೆಸೆಯುವ ಜಾಗದ ಹತ್ತಿರವೇ ಕಚ್ಚಿಸಿ.

ಇಸಿಎಂ ಬದಲಿಸುವ ಮಾತು ಕೊನೆಗೆ. ಕರೆಂಟು, ಅರ್ಥ್, 5 ವೋಲ್ಟ್, ಕ್ರ್ಯಾಂಕ್ ಸಿಗ್ನಲ್ ಎಲ್ಲ ಅದರ ಬಾಗಿಲ ತನಕ ಬಂದಿದ್ದೂ ಇಂಜೆಕ್ಟರಿಗೆ ಮಿಟುಕು ಹೊರಡದಿದ್ದರೆ ಮಾತ್ರ ಅದನ್ನು ಬಿಚ್ಚಿ. ಬೋರ್ಡಿನಲ್ಲಿ ನೀರಿನ ಕಲೆ, ಹಸಿರು, ಉಬ್ಬಿದ ಕೆಪಾಸಿಟರ್, ಮೀನಿನಂಥ ವಾಸನೆ ಇದೆಯೇ ನೋಡಿ. ಕೆಪಾಸಿಟರ್ ಸೋರಿದ್ದಾದರೆ ಒಳ್ಳೆಯ ಇಲೆಕ್ಟ್ರಾನಿಕ್ಸ್ ರಿಪೇರಿಯವರು ಸರಿ ಮಾಡಿಕೊಡುತ್ತಾರೆ. ಬದಲಿ ಇಸಿಎಂ ತರುವುದಾದರೆ ಲೇಬಲ್ಲಿನ ಪಾರ್ಟ್ ನಂಬರ್ ಅಕ್ಷರಶಃ ಹೊಂದಬೇಕು, ಇಮೊಬಿಲೈಸರ್ (ಸರಿಯಾದ ಕೀಗೆ ಮಾತ್ರ ಸ್ಟಾರ್ಟ್ ಆಗಲು ಬಿಡುವ ವ್ಯವಸ್ಥೆ) ಇರುವ ಗಾಡಿಗೆ ಕೀಯ ಹೊಂದಾಣಿಕೆಯನ್ನೂ ಮಾಡಿಸಬೇಕು. ಹೊಸತನ್ನು ಜೋಡಿಸುವ ಮೊದಲು ಪ್ರತಿ ಇಂಜೆಕ್ಟರಿನ ಓಮ್ ಅಳೆಯಿರಿ, 11ರಿಂದ 17ರ ಒಳಗೆ, ಎಲ್ಲವೂ ಹತ್ತಿರ ಹತ್ತಿರ ಇರಬೇಕು. ಒಂದು ಎರಡು ಓಮ್ ತೋರಿಸುವ ಇಂಜೆಕ್ಟರ್ ಇದ್ದರೆ ಹಳೆಯ ಇಸಿಎಂ ಸುಟ್ಟದ್ದು ಅದರಿಂದಲೇ, ಹೊಸತನ್ನೂ ಅದೇ ದಿನ ಸುಡುತ್ತದೆ. ಜೋಡಿಸಿ, ಕೋಡು ಅಳಿಸಿ, ಐಡಲ್ ಕುದುರಲು ಹದಿನೈದು ಇಪ್ಪತ್ತು ನಿಮಿಷ ಓಡಿಸಿ, ಮತ್ತೊಮ್ಮೆ ಕೋಡು ನೋಡಿ.